ಬೆಡ್ ಲೆಕ್ಕ ಆಯ್ತು, ಡ್ಯೂಟಿ ಲೆಕ್ಕ ಎಲ್ಲಿ?

ಮುಂದಿನ ಮಹಾಮಾರಿಗೆ ಪ್ಲಾನ್ ಬರೆಯುತ್ತಿರುವ ಆರೋಗ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೋವಿಡ್ ತುರ್ತುಸ್ಥಿತಿ ಮುಗಿಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. 2025ರ ಮೇ 20ರಂದು ಜಿನೀವಾದಲ್ಲಿ ಸದಸ್ಯ ದೇಶಗಳು ಸೇರಿ ಮಹಾಮಾರಿ ಒಪ್ಪಂದವನ್ನೂ ಅಂಗೀಕರಿಸಿದವು. ಇನ್ನು ನಿಮ್ಮ ಸರದಿ. ಮುಂದಿನದು ಬಂದಾಗ ಏನು ಮಾಡಬೇಕು ಅಂತ ಬರೆಯಲು ಕೂತಿದ್ದೀರಿ. ಅಂಥ ಕೆಲವು ಪ್ಲಾನ್‌ಗಳನ್ನು ನಾನೂ ಓದಿದೆ.

ಎಲ್ಲದರಲ್ಲೂ ಬೆಡ್ ಲೆಕ್ಕ ಇದೆ. ವೆಂಟಿಲೇಟರ್ ಲೆಕ್ಕ ಇದೆ. ಆಕ್ಸಿಜನ್ ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಎಷ್ಟು ತಿಂಗಳಿಗಾಗುವಷ್ಟು ಮಾಸ್ಕ್ ಇಟ್ಟುಕೊಳ್ಳಬೇಕು, ಅದೂ ಇದೆ. ಕೆಲಸ ಮಾಡುವವರ ವಿಷಯಕ್ಕೆ ಬಂದರೆ ಮಾತ್ರ ಒಂದೇ ಸಾಲು. ಅಗತ್ಯ ಬಿದ್ದಂತೆ ಸಿಬ್ಬಂದಿಯನ್ನು ನಿಯೋಜಿಸಿಕೊಳ್ಳುವುದು, ಅಷ್ಟೇ. ಆ ಸಾಲು ನನಗೆ ಚೆನ್ನಾಗಿ ಗೊತ್ತು. 2020ರಲ್ಲಿ ಹಾಗೆ ನಿಯೋಜನೆಗೊಂಡವರಲ್ಲಿ ನಾನೂ ಒಬ್ಬಳು. ಓದು ಮುಗಿಸಿ ವಾರ್ಡಿಗೆ ಬಂದಿದ್ದೆ, ಕೈ ಇನ್ನೂ ಸರಿಯಾಗಿ ಪಳಗಿರಲಿಲ್ಲ.

ನಾನು ಕೇಳುವುದು ಒಂದೇ. ಪ್ಲಾನಿನಲ್ಲಿ ಬೆಡ್ ಅಂತ ಎಲ್ಲೆಲ್ಲಿ ಬರೆದಿದ್ದೀರೋ ಅಲ್ಲೆಲ್ಲ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ. ರಾತ್ರಿ ಮೂರು ಗಂಟೆಗೆ ಆ ಬೆಡ್ ಪಕ್ಕ ಯಾರು ನಿಂತಿರುತ್ತಾರೆ? ಎಷ್ಟು ಹೊತ್ತಿನಿಂದ ನಿಂತಿದ್ದಾರೆ? ಅವರನ್ನು ಬಿಡಿಸಲು ಯಾರು ಬರುತ್ತಾರೆ? ಈ ಕಾಲಂ ತುಂಬುವವರೆಗೆ ಅದನ್ನು ಬೆಡ್ ಅಂತ ಎಣಿಸಬೇಡಿ. ಅಲ್ಲಿಯವರೆಗೆ ಅದು ಬರೀ ಮಂಚ.

ಒಂದು ಚಿಕಿತ್ಸೆಯ ಉದಾಹರಣೆ ಕೊಡುತ್ತೇನೆ. ಶ್ವಾಸಕೋಶ ತೀರಾ ಹಾಳಾಗಿ ವೆಂಟಿಲೇಟರ್ ಮೇಲಿರುವ ರೋಗಿಯನ್ನು ನಾವು ಬೋರಲು ಮಲಗಿಸುತ್ತೇವೆ. ಬೆನ್ನಿನ ಕಡೆಯ ಶ್ವಾಸಕೋಶ ಬಿಚ್ಚಿಕೊಂಡು ಆಕ್ಸಿಜನ್ ಹೆಚ್ಚು ಒಳಗೆ ಹೋಗುತ್ತದೆ. ಇದು ಕೋವಿಡ್‌ಗಿಂತ ಮೊದಲೇ ಗೊತ್ತಿದ್ದ ಸಂಗತಿ. ಫ್ರಾನ್ಸ್ ಮತ್ತು ಸ್ಪೇನ್‌ನ ಐಸಿಯುಗಳಲ್ಲಿ ನಡೆದ ಪ್ರೋಸೆವಾ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪ್ರತಿ ಸಲ ಕನಿಷ್ಠ 16 ಗಂಟೆ ಬೋರಲು ಮಲಗಿಸಿದ ರೋಗಿಗಳಲ್ಲಿ 28 ದಿನದೊಳಗೆ ತೀರಿಕೊಂಡವರು ಶೇ. 16. ಅಂಗಾತ ಇಟ್ಟವರಲ್ಲಿ ಶೇ. 32.8. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ, ಸುಮ್ನೆ ಮಗುಚಿ ಹಾಕೋದು ತಾನೇ ಅನ್ನಿಸಬಹುದು.

ಮಗುಚೋದು ಹೇಗೆ ಅಂತ ನೋಡಿ. ಮೊದಲು ಮೂಗಿನ ನಳಿಕೆಯಲ್ಲಿ ಹೋಗುತ್ತಿರುವ ಆಹಾರ ನಿಲ್ಲಿಸಬೇಕು. ಕಣ್ಣಿಗೆ ಮುಲಾಮು ಹಚ್ಚಿ, ರೆಪ್ಪೆ ಮುಚ್ಚಿ ಟೇಪ್ ಹಾಕಬೇಕು. ಎದೆ ಮೇಲಿನ ಇಸಿಜಿ ಸ್ಟಿಕ್ಕರ್ ಕಿತ್ತು, ಮಗುಚಿದ ಮೇಲೆ ಬೆನ್ನಿಗೆ ಅಂಟಿಸಬೇಕು. ಕತ್ತಿನ ಮತ್ತು ಕೈಯ ರಕ್ತನಾಳಕ್ಕೆ ಹಾಕಿದ ಲೈನ್‌ಗಳು, ಯೂರಿನ್ ನಳಿಕೆ, ಎಲ್ಲದರ ಉದ್ದ ಸಾಲುತ್ತದಾ ಅಂತ ನೋಡಿಕೊಳ್ಳಬೇಕು. ತಲೆಯ ಹತ್ತಿರ ಒಬ್ಬರು ಉಸಿರಿನ ಟ್ಯೂಬ್ ಹಿಡಿದು ನಿಲ್ಲುತ್ತಾರೆ. ಅವರದೇ ಯಜಮಾನಿಕೆ, ಎಣಿಕೆ ಅವರದೇ. ಎರಡು ಕಡೆ ಎರಡು ಮೂರು ಜನ. ಮೂರು ಅಂದ ತಕ್ಷಣ ಹಾಸಿಗೆಯ ಅಂಚಿಗೆ ಎಳೆಯಬೇಕು. ಮತ್ತೆ ಎಣಿಕೆ, ಮಗ್ಗುಲು. ಮತ್ತೆ ಎಣಿಕೆ, ಬೋರಲು. ಅಷ್ಟರಲ್ಲಿ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 80ಕ್ಕೆ ಇಳಿಯುತ್ತದೆ. ಎಲ್ಲರ ಕಣ್ಣೂ ಮಾನಿಟರ್ ಮೇಲೆ. ಯಾರೂ ಮಾತಾಡುವುದಿಲ್ಲ. 84, 86, 89. ಹೂಂ, ಮುಂದುವರಿಸಿ. ಎದೆ ಕೆಳಗೆ ದಿಂಬು, ಸೊಂಟದ ಕೆಳಗೆ ದಿಂಬು, ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಮುಖ ಒಂದು ಪಕ್ಕಕ್ಕೆ. ಆ ಮುಖವನ್ನು ಕೆಲವು ಗಂಟೆಗೊಮ್ಮೆ ಆ ಕಡೆ ಈ ಕಡೆ ಮಾಡುತ್ತಲೇ ಇರಬೇಕು. ಇಲ್ಲದಿದ್ದರೆ ಕೆನ್ನೆಯಲ್ಲಿ, ಹಣೆಯಲ್ಲಿ ಒತ್ತುಹುಣ್ಣು. ಇಷ್ಟನ್ನೂ ಮಾಡುವವರು ಪಿಪಿಇ ಕಿಟ್ ಒಳಗಿದ್ದಾರೆ, ಕನ್ನಡಕ ಮಂಜಾಗಿದೆ, ಎದುರಿಗೆ ನಿಂತವರು ಯಾರು ಅಂತ ಎದೆ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು ಓದಿಯೇ ತಿಳಿಯಬೇಕು.

ಇದು ಒಬ್ಬ ರೋಗಿಗೆ, ದಿನದಲ್ಲಿ ಒಂದು ಸಲ ಬೋರಲು ಮಾಡಲು. ತಿರುಗಿ ಅಂಗಾತ ಮಾಡಲು ಇನ್ನೊಂದು ಸಲ. ನೈಟ್ ಡ್ಯೂಟಿಯಲ್ಲಿ ಒಂದು ವಾರ್ಡಿಗೆ ಆರೇಳು ಜನ ಎಲ್ಲಿರುತ್ತಾರೆ? ಪಕ್ಕದ ವಾರ್ಡಿನಿಂದ ಕರೆಸುತ್ತಿದ್ದೆವು. ಅವರು ಬಿಟ್ಟು ಬಂದ ರೋಗಿಗಳನ್ನು ಅಷ್ಟು ಹೊತ್ತು ನೋಡುವವರು ಯಾರು ಅನ್ನೋದನ್ನು ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಈ ಕೆಲಸದಲ್ಲಿ ಡಾಕ್ಟರಿಗಿಂತ ಜಾಸ್ತಿ ಸುಸ್ತಾಗೋದು ನರ್ಸ್‌ಗಳು, ವಾರ್ಡ್ ಸಹಾಯಕರು. ಪತ್ರ ನಾನು ಬರೆಯುತ್ತಿದ್ದೇನೆ ಅಂತ ಅವರ ಪಾಲು ಚಿಕ್ಕದಲ್ಲ.

ಜಾಗ ಮಾಡಿದ ಮಾತ್ರಕ್ಕೆ ಆಸ್ಪತ್ರೆ ಆಗಲ್ಲ ಅನ್ನೋದನ್ನು ಲಂಡನ್‌ನಲ್ಲಿ ಕಂಡಿದ್ದೇವೆ. 2020ರ ಏಪ್ರಿಲ್ 3ರಂದು ಅಲ್ಲಿನ ಎಕ್ಸೆಲ್ ಪ್ರದರ್ಶನ ಕೇಂದ್ರದಲ್ಲಿ ನೈಟಿಂಗೇಲ್ ಆಸ್ಪತ್ರೆ ತೆರೆಯಿತು. 4,000 ಬೆಡ್‌ವರೆಗೂ ಬೆಳೆಸುವ ಏರ್ಪಾಡಿತ್ತು. ಮೊದಲ ಅಲೆಯಲ್ಲಿ ಅಲ್ಲಿ ಚಿಕಿತ್ಸೆ ಪಡೆದವರು 60ಕ್ಕಿಂತ ಕಡಿಮೆ. ಬೇರೆ ಆಸ್ಪತ್ರೆಗಳು ತಮ್ಮಲ್ಲೇ ಹೇಗೋ ಐಸಿಯು ಹೆಚ್ಚಿಸಿಕೊಂಡಿದ್ದು ಒಂದು ಕಾರಣ, ಅದು ಸಂತೋಷದ ವಿಷಯ. ಆದರೆ ನೋಡಿಕೊಳ್ಳಲು ಸಾಕಷ್ಟು ನರ್ಸ್‌ಗಳಿಲ್ಲ ಅಂತ ಕೆಲವು ರೋಗಿಗಳನ್ನು ತೆಗೆದುಕೊಳ್ಳದೇ ಹೋದದ್ದೂ ನಿಜ.

ವುಹಾನ್‌ನ ಹುವೋಶೆನ್‌ಶಾನ್ ಆಸ್ಪತ್ರೆಯನ್ನು ಹತ್ತೇ ದಿನದಲ್ಲಿ ಕಟ್ಟಿದ ವಿಡಿಯೋ ಜಗತ್ತೇ ನೋಡಿತು. 1,000 ಬೆಡ್. ಅಲ್ಲಿಗೆ ಸೇನೆಯ 1,400 ವೈದ್ಯಕೀಯ ಸಿಬ್ಬಂದಿಯನ್ನು ಕಳಿಸಿದ್ದರು ಅನ್ನೋದು ಎಷ್ಟು ಜನಕ್ಕೆ ನೆನಪಿದೆ? ಚೀನಾದ ಬೇರೆ ಭಾಗಗಳಿಂದ ಹುಬೈ ಪ್ರಾಂತಕ್ಕೆ 42 ಸಾವಿರಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿ ಹೋದರು. ವಿಡಿಯೋದಲ್ಲಿ ಕ್ರೇನ್ ಕಂಡಿತು, ಡ್ಯೂಟಿ ಪಟ್ಟಿ ಕಾಣಲಿಲ್ಲ. ಅದೂ ಒಂದೇ ಪ್ರಾಂತಕ್ಕೆ ರೋಗ ಹೆಚ್ಚಾಗಿದ್ದಾಗ ನಡೆದ ಮಾತು. ಊರಿಗೆ ಊರೇ ಒಟ್ಟಿಗೆ ಹೊತ್ತಿಕೊಂಡರೆ ಯಾರ ಮನೆ ಬಾವಿಯಿಂದ ನೀರು ತರುತ್ತೀರಿ?

ಆಕ್ಸಿಜನ್ ವಿಷಯವೂ ಹಾಗೇ. 2021ರ ಜನವರಿಯಲ್ಲಿ ಬ್ರೆಜಿಲ್‌ನ ಮನೌಸ್ ನಗರದಲ್ಲಿ, ಅದೇ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಭಾರತದಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತರು. ಆಮೇಲೆ ಎಲ್ಲ ಕಡೆ ಟ್ಯಾಂಕ್, ಪ್ಲಾಂಟ್ ಬಂದವು. ಬರಬೇಕಾದ್ದೇ. ಆದರೆ ಮೂಗಿನ ಮೂಲಕ ರಭಸವಾಗಿ ಆಕ್ಸಿಜನ್ ಕೊಡುವ ಹೈ ಫ್ಲೋ ಯಂತ್ರ ನಿಮಿಷಕ್ಕೆ 60 ಲೀಟರ್‌ವರೆಗೂ ಎಳೆಯುತ್ತದೆ. 7,000 ಲೀಟರಿನ ದೊಡ್ಡ ಸಿಲಿಂಡರ್ ಆ ವೇಗಕ್ಕೆ ಎರಡು ಗಂಟೆಯೂ ಬರಲ್ಲ. ಮೀಟರಿನ ಮುಳ್ಳು ಕೆಂಪಿಗೆ ಬರೋದನ್ನು ನೋಡಲು ಒಬ್ಬರು ಬೇಕು. ಸಿಲಿಂಡರ್ ಬದಲಿಸಲು ಕೈ ಬೇಕು. ಸರಬರಾಜು ಮಾಡುವವರಿಗೆ ಫೋನ್ ಮಾಡಲು ಇನ್ನೊಬ್ಬರು ಬೇಕು. ಬೇರೆ ಯಾರೂ ಇಲ್ಲದಿದ್ದರೆ ಈ ಮೂರೂ ಕೆಲಸ ಯಾರ ತಲೆಗೆ ಬರುತ್ತದೆ ಅಂತ ನಿಮಗೂ ಗೊತ್ತು.

ಈಗ ಗಂಟೆಗಳ ಮಾತು. ಕಿಟ್ ಹಾಕಿಕೊಂಡು ಬೆವರಿದ್ದು, ಮೂಗಿನ ಮೇಲೆ ಗಾಯ ಆಗಿದ್ದು, ನೀರು ಕುಡಿಯದೇ ಇದ್ದದ್ದು ಎಲ್ಲರೂ ಹೇಳಿದ್ದಾರೆ. ನಾನು ಹೇಳಬೇಕಾಗಿರೋದು ಕಿಟ್ ಬಿಚ್ಚೋದರ ಬಗ್ಗೆ. ಸೋಂಕು ತಗುಲೋ ಅಪಾಯ ಜಾಸ್ತಿ ಇರೋದು ಅಲ್ಲೇ. ಗೌನನ್ನು ಒಳಮೈ ಹೊರಗಾಗುವಂತೆ ಸುತ್ತಿಕೊಂಡು ಇಳಿಸಬೇಕು. ಕನ್ನಡಕವನ್ನು ಹಿಂದಿನ ಪಟ್ಟಿ ಹಿಡಿದು ತೆಗೆಯಬೇಕು. ಮಾಸ್ಕ್ ಎಲ್ಲಕ್ಕಿಂತ ಕೊನೆಗೆ, ಅದೂ ವಾರ್ಡಿನಿಂದ ಹೊರಗೆ ಬಂದ ಮೇಲೆ. ಹೆಜ್ಜೆ ಹೆಜ್ಜೆಗೂ ಕೈ ಸ್ವಚ್ಛ ಮಾಡಿಕೊಳ್ಳಬೇಕು. ಪಕ್ಕದಲ್ಲಿ ಇನ್ನೊಬ್ಬರು ನಿಂತು, ಮುಂದಿನ ಹೆಜ್ಜೆ ಏನು ಅಂತ ಹೇಳುತ್ತಾ, ಮುಖಕ್ಕೆ ಕೈ ಹೋದರೆ ತಡೆಯಬೇಕು. ಡ್ಯೂಟಿಯ ಕೊನೆಯಲ್ಲಿ, ಮೈಯಲ್ಲಿ ತ್ರಾಣ ಇಲ್ಲದಿರುವ ಹೊತ್ತಿನಲ್ಲೇ ಇದೆಲ್ಲ ತಪ್ಪಿಲ್ಲದೆ ಆಗಬೇಕು. ಹಾಗೆ ಪಕ್ಕದಲ್ಲಿ ನಿಲ್ಲುವವರಿಗೆ ನಾನು ನೋಡಿದ ಯಾವ ಪ್ಲಾನಿನಲ್ಲೂ ಲೆಕ್ಕವಿಲ್ಲ.

ದಣಿದ ಡಾಕ್ಟರ್ ತಪ್ಪು ಮಾಡುತ್ತಾರೆ ಅನ್ನೋದು ನಮ್ಮ ಗೊಣಗಾಟ ಅಲ್ಲ. 2004ರಲ್ಲಿ ಬಾಸ್ಟನ್‌ನ ಒಂದು ಐಸಿಯು ಅಧ್ಯಯನ ಪ್ರಕಟವಾಯಿತು. 24 ಗಂಟೆ ಮೀರಿದ ಪಾಳಿಗಳಿದ್ದ ಹಳೇ ಪದ್ಧತಿಯಲ್ಲಿ ಇಂಟರ್ನ್‌ಗಳು ಮಾಡಿದ ಗಂಭೀರ ತಪ್ಪುಗಳು, ಚಿಕ್ಕ ಪಾಳಿಗಳ ಪದ್ಧತಿಗಿಂತ ಶೇ. 36ರಷ್ಟು ಜಾಸ್ತಿ. ಅದು ಮಾಮೂಲಿ ಕಾಲದ ಲೆಕ್ಕ. ಗೊತ್ತಿರುವ ರೋಗಗಳು, ಗೊತ್ತಿರುವ ಔಷಧಿಗಳು, ಮುಖ ಕಾಣುವ ಸಹೋದ್ಯೋಗಿಗಳು. ಮಹಾಮಾರಿಯಲ್ಲಿ ಈ ಮೂರೂ ಇರಲಿಲ್ಲ.

ತುರ್ತುಸ್ಥಿತಿಯಲ್ಲಿ ನಿಯಮ ಸಡಿಲಿಸದೆ ಆಗಲ್ಲ ಅಂತ ನೀವು ಹೇಳುತ್ತೀರಿ. ಸರಿ, ಸಡಿಲಿಸಿ. ಆದರೆ ಯಾವುದನ್ನು ಸಡಿಲಿಸಬಾರದು ಅಂತಲೂ ಈಗಲೇ ಬರೆದಿಡಿ. ಅಮೆರಿಕದಲ್ಲಿ ವೈದ್ಯರ ತರಬೇತಿಗೆ ಮಾನ್ಯತೆ ಕೊಡುವ ಎಸಿಜಿಎಂಇ ಸಂಸ್ಥೆ 2020ರ ಮಾರ್ಚ್‌ನಲ್ಲಿ ಇದನ್ನೇ ಮಾಡಿತು. ರೋಗಿಗಳು ಮಿತಿಮೀರಿದ ಆಸ್ಪತ್ರೆಗಳು ಬೇರೆ ಬಹುತೇಕ ನಿಯಮಗಳನ್ನು ಪಕ್ಕಕ್ಕಿಡಬಹುದು, ಆದರೆ ರಕ್ಷಣಾ ಸಾಮಗ್ರಿ ಮತ್ತು ಅದನ್ನು ಬಳಸುವ ತರಬೇತಿ ಕೊಡಲೇಬೇಕು, ಮೇಲೆ ಸೀನಿಯರ್ ಇರಲೇಬೇಕು, ಕೆಲಸದ ಗಂಟೆಗಳ ಮಿತಿ ಮೀರಲೇಬಾರದು ಅಂದಿತು. ಆ ಮಿತಿ ವಾರಕ್ಕೆ ಸರಾಸರಿ 80 ಗಂಟೆ. ಜಾಸ್ತಿಯಾಯ್ತು ಅಲ್ವಾ? ಹೌದು, ಜಾಸ್ತಿಯೇ. ಯುರೋಪಿಯನ್ ಒಕ್ಕೂಟದ ನಿಯಮ ಸರಾಸರಿ 48 ಗಂಟೆ ಅನ್ನುತ್ತದೆ. ನನ್ನ ಮಾತು ಅಂಕಿಯ ಬಗ್ಗೆ ಅಲ್ಲ. ಎಂಥ ಪರಿಸ್ಥಿತಿಯಲ್ಲೂ ದಾಟಬಾರದ ಗೆರೆ ಒಂದಿದೆ ಅಂತ ಅಲ್ಲಿ ಬರೆದಿಟ್ಟಿದ್ದರು. ನಮ್ಮ ಡ್ಯೂಟಿ ಪಟ್ಟಿಯಲ್ಲಿ ಅಂಥ ಗೆರೆ ಇರಲಿಲ್ಲ. ಬಿಡಿಸಲು ಬರಬೇಕಾದವರಿಗೇ ಪಾಸಿಟಿವ್ ಬಂದರೆ ಡ್ಯೂಟಿ ತಾನಾಗಿಯೇ ಉದ್ದವಾಗುತ್ತಿತ್ತು. ಯಾರೂ ಆದೇಶ ಮಾಡಬೇಕಾಗಿರಲಿಲ್ಲ. ರೋಗಿಯನ್ನು ಬಿಟ್ಟು ಹೋಗಲು ಕಾಲು ಬರುತ್ತಾ?

ಸೀನಿಯರ್ ವಿಷಯಕ್ಕೆ ಬರುತ್ತೇನೆ. ಇದು ಸ್ವಲ್ಪ ಸೂಕ್ಷ್ಮ. ವಯಸ್ಸಾದಷ್ಟೂ ಕೋವಿಡ್ ಅಪಾಯ ಜಾಸ್ತಿ, ಹಾಗಾಗಿ ಅರವತ್ತರ ಆಸುಪಾಸಿನ ಪ್ರೊಫೆಸರ್‌ಗಳನ್ನು ವಾರ್ಡಿನೊಳಗೆ ಬಿಡದಿದ್ದದ್ದು ಸರಿಯಾದ ನಿರ್ಧಾರ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವರಿಗೂ ನಮಗೂ ಮಧ್ಯೆ ಇರಬೇಕಾದವರು ಯಾರು ಅನ್ನೋದನ್ನು ಯಾರೂ ತೀರ್ಮಾನಿಸಲಿಲ್ಲ. 2020ರ ಮಾರ್ಚ್‌ನಲ್ಲಿ ಇಟಲಿ ಸರ್ಕಾರ ವೃತ್ತಿ ಪರವಾನಗಿಯ ಪರೀಕ್ಷೆಯನ್ನೇ ಕೈಬಿಟ್ಟು ಸುಮಾರು 10 ಸಾವಿರ ಹೊಸ ಪದವೀಧರರಿಗೆ ಕೆಲಸದ ಬಾಗಿಲು ತೆರೆಯಿತು. ಬೇರೆ ದೇಶಗಳಲ್ಲೂ ಇಂಥದ್ದೇ ಆಯಿತು. ಕಣ್ಣಿನ ಡಾಕ್ಟರ್, ಮೂಳೆ ಡಾಕ್ಟರ್, ಚರ್ಮದ ಡಾಕ್ಟರ್ ಎಲ್ಲ ಕೋವಿಡ್ ವಾರ್ಡಿಗೆ ಬಂದರು. ಕೈಗಳೇನೋ ಸಿಕ್ಕವು. ಕೈ ಹಿಡಿದು ನಡೆಸುವವರು?

ಒಂದು ರಾತ್ರಿಯ ಮಾತು. ಒಬ್ಬರು ಕೂತು ಮೊಬೈಲ್ ನೋಡುತ್ತಿದ್ದರು. ಸ್ಯಾಚುರೇಷನ್ 74. ಬೆರಳು ತಣ್ಣಗಿರಬೇಕು, ಪ್ರೋಬ್ ಸರಿ ಇಲ್ಲ ಅಂದುಕೊಂಡು ಬೇರೆ ಬೆರಳಿಗೆ ಹಾಕಿದೆ. 73. "ಡಾಕ್ಟ್ರೇ, ಯಾವಾಗ ಮನೆಗೆ ಕಳಿಸ್ತೀರಾ?" ಅಂದರು. ಉಸಿರಾಟದ ಕಷ್ಟವೇ ಗೊತ್ತಾಗದ ಹಾಗೆ ಆಕ್ಸಿಜನ್ ಇಳಿಯೋದು ಈ ರೋಗದ ವಿಚಿತ್ರ. ಈಗ ಟ್ಯೂಬ್ ಹಾಕಬೇಕಾ? ಹೈ ಫ್ಲೋ ಕೊಟ್ಟು, ಎಚ್ಚರದಲ್ಲೇ ಬೋರಲು ಮಲಗಿಸಿ ಕಾಯಬೇಕಾ? 2020ರ ಶುರುವಿನಲ್ಲಿ ಬೇಗ ಟ್ಯೂಬ್ ಹಾಕಿ ಅನ್ನುತ್ತಿದ್ದರು. ಕೆಲವೇ ತಿಂಗಳಲ್ಲಿ ಸಾಧ್ಯವಾದಷ್ಟು ಕಾದು ನೋಡಿ ಅಂತಾಯ್ತು. ಪ್ರೋಟೋಕಾಲ್, ಅಂದರೆ ಚಿಕಿತ್ಸೆಯ ಸೂಚನೆ, ಬದಲಾಗುತ್ತಲೇ ಇತ್ತು, ಅದನ್ನು ಓದಲು ಪುರುಸೊತ್ತು ಇರಲಿಲ್ಲ. ಸೀನಿಯರ್ ವಿಡಿಯೋ ಕಾಲ್‌ನಲ್ಲಿ ಸಿಕ್ಕರು, ನನ್ನ ಮಾಸ್ಕ್ ಹಿಂದಿನ ಮಾತು ಅವರಿಗೆ ಅರ್ಧ ಕೇಳಿಸಿತು, ಅವರ ಪುಣ್ಯ ನನ್ನ ಪುಣ್ಯ, ಕಾಯುವ ನಿರ್ಧಾರ ಆ ರೋಗಿಗೆ ಒಳ್ಳೆಯದೇ ಆಯಿತು. ಹೀಗೆ ಪುಣ್ಯದ ಮೇಲೆ ನಡೆಯುವುದನ್ನು ಪ್ಲಾನ್ ಅನ್ನಲು ಬರುತ್ತದಾ? ಪಾಳಿಗೊಬ್ಬರು, ಹತ್ತಾರು ವರ್ಷದ ಅನುಭವ ಇಲ್ಲದಿದ್ದರೂ ಪರವಾಗಿಲ್ಲ, ಐಸಿಯು ಗೊತ್ತಿರುವ ಒಬ್ಬರು ವಾರ್ಡಿನ ಒಳಗೇ ಇರಬೇಕು.

ಪ್ರೋಟೋಕಾಲ್ ಅಂದಾಗ ಒಂದು ಒಳ್ಳೆಯ ದಿನವೂ ನೆನಪಾಗುತ್ತದೆ. 2020ರ ಜೂನ್ 16ರಂದು ಕೋವಿಡ್ ಔಷಧಿಗಳನ್ನು ಪರೀಕ್ಷಿಸುತ್ತಿದ್ದ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂತು. ಡೆಕ್ಸಾಮೆಥಾಸೋನ್, ದಶಕಗಳಿಂದ ಇರುವ ಅಗ್ಗದ ಸ್ಟೀರಾಯ್ಡ್, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಕ್ಸಿಜನ್ ಮೇಲಿದ್ದವರ ಸಾವನ್ನು ಐದನೇ ಒಂದರಷ್ಟು ಕಡಿಮೆ ಮಾಡಿತ್ತು. ಅಲ್ಲಿಯವರೆಗೆ ನಂಬಿಕೆ ಮೇಲೆ ಔಷಧಿ ಬರೆದು ಬರೆದು ಸಾಕಾಗಿತ್ತು. ಆ ಪ್ರಯೋಗಕ್ಕೆ ಸಾವಿರಾರು ರೋಗಿಗಳನ್ನು ಸೇರಿಸಿಕೊಂಡು, ಒಪ್ಪಿಗೆ ಪಡೆದು, ಫಾರಂ ತುಂಬಿದ್ದು ವಾರ್ಡಿನಲ್ಲಿ ದುಡಿಯುತ್ತಿದ್ದ ಡಾಕ್ಟರ್‌ಗಳು, ನರ್ಸ್‌ಗಳೇ. ಅದಕ್ಕೂ ಸಮಯ ಬೇಕು. ಅದನ್ನೂ ಕಾಲಂಗೆ ಸೇರಿಸಿ.

ಇನ್ನೊಂದು ಕೆಲಸ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಮನೆಯವರಿಗೆ ಫೋನ್ ಮಾಡೋದು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲವಲ್ಲ, ಹಾಗಾಗಿ ಕರೆಗಾಗಿ ಕಾಯುತ್ತಿದ್ದ ಮನೆಗಳು ಎಷ್ಟೋ. ಈ ಕೆಲಸ ಯಾವಾಗಲೂ ಎಲ್ಲರಿಗಿಂತ ಚಿಕ್ಕವರ ಪಾಲಿಗೆ. ಪ್ಲಾಸ್ಟಿಕ್ ಕವರಿನೊಳಗೆ ಫೋನ್, ಎನ್95 ಮಾಸ್ಕ್, ಅದರ ಮೇಲೆ ಮುಖಗವಚ, ಹಿಂದೆ ಯಂತ್ರಗಳ ಸದ್ದು. "ನಿಮ್ಮ ತಂದೆ ತೀರಿಕೊಂಡರು" ಅಂದರೆ ಆ ಕಡೆಯವರು "ಏನಂದ್ರಿ? ಕೇಳಿಸ್ತಿಲ್ಲ" ಅನ್ನುತ್ತಿದ್ದರು. ಅಂಥ ಮಾತನ್ನು ಕೂಗಿ ಹೇಳಬೇಕಾಗುತ್ತಿತ್ತು. ಪಕ್ಕದ ಬೆಡ್‌ನವರಿಗೆಲ್ಲ ಕೇಳುವ ಹಾಗೆ. ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಪಾಳಿಗೊಬ್ಬರನ್ನು ಕಿಟ್ ಇಲ್ಲದೆ ಹೊರಗಿನ ಕೋಣೆಯಲ್ಲಿ ಕೂರಿಸಿ. ಕೇಸ್ ಶೀಟ್ ಮುಂದಿರಲಿ. ಕೆಟ್ಟ ಸುದ್ದಿ ಹೇಳುವುದು ಹೇಗೆ ಅಂತ ಅವರಿಗೆ ಮೊದಲೇ ಕಲಿಸಿ.

ಆಗ ನಮಗಾಗಿ ತಟ್ಟಿದ ಚಪ್ಪಾಳೆಯ ಬಗ್ಗೆ ಜನ ಆಗಾಗ ಕೇಳುತ್ತಾರೆ. ನನಗೇನೂ ಬೇಜಾರಿಲ್ಲ. ಕೇಳಿದಾಗ ಖುಷಿಯೇ ಆಗಿತ್ತು. ಆದರೆ ಸತ್ತವರನ್ನು ಎಣಿಸಿದ್ದರೆ ಇನ್ನೂ ಚೆನ್ನಾಗಿತ್ತು. 2020ರ ಜನವರಿಯಿಂದ 2021ರ ಮೇವರೆಗೆ ಕೋವಿಡ್‌ನಿಂದ 80 ಸಾವಿರದಿಂದ 1.8 ಲಕ್ಷ ಆರೋಗ್ಯ ಕಾರ್ಯಕರ್ತರು ಸತ್ತಿರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದೇ ಅವಧಿಯಲ್ಲಿ ಸಂಸ್ಥೆಗೆ ದೇಶಗಳಿಂದ ವರದಿಯಾಗಿ ಬಂದ ಸಾವುಗಳು ಏಳು ಸಾವಿರವೂ ಇಲ್ಲ. ಒಂದು ಲಕ್ಷದಷ್ಟು ವ್ಯತ್ಯಾಸ ಬರುವಷ್ಟು ದೊಡ್ಡ ಅಂದಾಜು ಯಾಕೆ ಬೇಕಾಯ್ತು? ಯಾರು ಎಲ್ಲಿ ಡ್ಯೂಟಿಯಲ್ಲಿದ್ದರು, ಯಾರಿಗೆ ಸೋಂಕು ಬಂತು ಅಂತ ಸರಿಯಾಗಿ ಬರೆದಿಡಲಿಲ್ಲ, ಅದಕ್ಕೇ. ಪರಿಹಾರ ಕೇಳಲು ಬಂದ ಮನೆಯವರಿಂದ ಮಾತ್ರ, ಸೋಂಕು ಡ್ಯೂಟಿಯಲ್ಲೇ ತಗುಲಿತು ಅನ್ನೋದಕ್ಕೆ ಪುರಾವೆ ಕೇಳುತ್ತೀರಿ. ಪುರಾವೆ ಇರಬೇಕಾದ್ದು ನಿಮ್ಮ ಬಳಿ, ಅವರ ಬಳಿ ಅಲ್ಲ. ಮುಂದಿನ ಸಲ ಡ್ಯೂಟಿ ಪಟ್ಟಿಯನ್ನೇ ದಾಖಲೆ ಅಂತ ಒಪ್ಪಿಕೊಳ್ಳಿ. ಪಟ್ಟಿಯಲ್ಲಿ ಹೆಸರಿದ್ದು ಸೋಂಕು ಬಂದರೆ ಅದು ಡ್ಯೂಟಿಯಲ್ಲಿ ಬಂದದ್ದು. ಮುಗೀತು.

ವುಹಾನ್‌ನ ಕಣ್ಣಿನ ಡಾಕ್ಟರ್ ಲಿ ವೆನ್‌ಲಿಯಾಂಗ್ ಹೆಸರು ನಿಮಗೆ ಗೊತ್ತಿರುತ್ತದೆ. 2019ರ ಡಿಸೆಂಬರ್ 30ರಂದು ತನ್ನ ಸಹಪಾಠಿಗಳ ಗುಂಪಿನಲ್ಲಿ, ಸಾರ್ಸ್‌ನಂಥ ಸೋಂಕು ಕಾಣಿಸಿಕೊಂಡಿದೆ, ಹುಷಾರಾಗಿರಿ ಅಂತ ಬರೆದರು. ಜನವರಿ 3ರಂದು ಪೊಲೀಸರು ಕರೆಸಿ ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಕೋವಿಡ್ ಲಕ್ಷಣ ಇಲ್ಲದ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯ ರೋಗಿಯೊಬ್ಬರಿಂದ ಅವರಿಗೆ ಸೋಂಕು ಬಂತು. ಫೆಬ್ರವರಿ 7ರಂದು ತೀರಿಕೊಂಡರು. ವಯಸ್ಸು 33. ಪೊಲೀಸರು ಆ ಎಚ್ಚರಿಕೆಯನ್ನು ವಾಪಸ್ ತೆಗೆದುಕೊಂಡು ಮನೆಯವರ ಕ್ಷಮೆ ಕೇಳಿದ್ದು ಮಾರ್ಚ್‌ನಲ್ಲಿ. ಅಷ್ಟು ದೊಡ್ಡ ವಿಷಯದಲ್ಲೇ ಹೀಗಾದರೆ, ರಾತ್ರಿ ಹನ್ನೊಂದಕ್ಕೆ ಜೂನಿಯರ್ ಒಬ್ಬರು "ಸರ್, ಇನ್ನು ಪೇಶಂಟ್ ತೆಗೆದುಕೊಳ್ಳಲು ಜನ ಸಾಲದು" ಅಂದರೆ ಯಾರು ಕೇಳುತ್ತಾರೆ? "ಬೆಡ್ ಖಾಲಿ ಇದೆಯಲ್ಲಮ್ಮ" ಅನ್ನುವ ಉತ್ತರ ನಾನು ಕೇಳಿದ್ದೇನೆ. ಜನ ಸಾಲದು ಅನ್ನುವ ಹಕ್ಕು ಯಾರಿಗಿದೆ, ಅಂದ ಮೇಲೆ ಎಷ್ಟು ಹೊತ್ತಿನಲ್ಲಿ ಏನಾಗಬೇಕು ಅಂತ ಪ್ಲಾನಿನಲ್ಲಿ ಇರಲಿ.

ಕಲಿಯಬೇಕಾದ ವರ್ಷಗಳು ಹೋದವು ಅನ್ನೋದನ್ನು ಬೇಗ ಹೇಳಿ ಮುಗಿಸುತ್ತೇನೆ. 2020ರಲ್ಲಿ ಕೋವಿಡ್ ಅಡಚಣೆ ತೀರಾ ಹೆಚ್ಚಿರುವ 12 ವಾರಗಳಲ್ಲೇ ಜಗತ್ತಿನಾದ್ಯಂತ 2.8 ಕೋಟಿಗೂ ಹೆಚ್ಚು ಆಪರೇಷನ್‌ಗಳು ರದ್ದಾಗಬಹುದು ಅಂತ ಕೋವಿಡ್‌ಸರ್ಜ್ ಅನ್ನುವ ಸಂಶೋಧಕರ ತಂಡ ಅಂದಾಜು ಮಾಡಿತ್ತು. ಅವುಗಳನ್ನು ನೋಡಿ, ಮಾಡಿ ಕಲಿಯಬೇಕಾದವರು ನಾವೇ. ಭಾರತದಲ್ಲಿ 2021ರ ಪಿಜಿ (ಸ್ನಾತಕೋತ್ತರ ವೈದ್ಯಕೀಯ) ಪ್ರವೇಶ ಪರೀಕ್ಷೆ ಮುಂದಕ್ಕೆ ಹೋಯಿತು, ಆಮೇಲೆ ಕೌನ್ಸೆಲಿಂಗ್ ಕೋರ್ಟಿನಲ್ಲಿ ಸಿಕ್ಕಿಕೊಂಡು 2022ರ ಜನವರಿಗೆ ಶುರುವಾಯಿತು. ಅಷ್ಟೂ ತಿಂಗಳು ಹೊಸ ಬ್ಯಾಚ್ ಇಲ್ಲದೆ, ಇದ್ದವರೇ ಅವರ ಡ್ಯೂಟಿಯನ್ನೂ ಮಾಡಿದರು. ಪರೀಕ್ಷೆ ಮುಂದೂಡುವ ಆದೇಶ ಹೊರಡಿಸುವಾಗ, ಆ ಜಾಗದಲ್ಲಿ ಯಾರು ಅನ್ನೋದೂ ಅದೇ ಆದೇಶದಲ್ಲಿ ಇರಬೇಕು.

ಈ ಕಾಲಂ ತುಂಬಿದರೆ ನಿಮ್ಮ ಬೆಡ್ ಸಂಖ್ಯೆ ಇಳಿಯುತ್ತದೆ. ನನಗೆ ಗೊತ್ತು. ಪತ್ರಿಕಾಗೋಷ್ಠಿಯಲ್ಲಿ ಹೇಳಲು ಚಿಕ್ಕ ಅಂಕಿ ಉಳಿಯುತ್ತದೆ. ಉಳಿಯಲಿ. ಅಂಕಿ ಚಿಕ್ಕದು ಅಂತ ಈಗಲೇ ಗೊತ್ತಾದರೆ ಜನರನ್ನು ತಯಾರು ಮಾಡಲು ವರ್ಷಗಳು ಸಿಗುತ್ತವೆ. ಪ್ರತಿ ವರ್ಷ ಎಲ್ಲ ವಿಭಾಗದ ಜೂನಿಯರ್‌ಗಳನ್ನೂ ಕೆಲವು ದಿನ ಐಸಿಯುನಲ್ಲಿ ನಿಲ್ಲಿಸಿ, ಬೋರಲು ಮಗುಚೋದು, ಕಿಟ್ ಬಿಚ್ಚೋದು, ವೆಂಟಿಲೇಟರ್ ಅಲಾರಂ ಕೇಳಿ ಏನಾಗಿದೆ ಅಂತ ಹೇಳೋದು ಕಲಿಸಬಹುದು. ಅಲೆ ಬಂದ ಮೇಲೆ ಕಲಿಸಲು ಯಾರಿಗೂ ಬಿಡುವಿರಲ್ಲ.

ಸಮಿತಿಗೆ ಈಗ ಡ್ಯೂಟಿಯಲ್ಲಿರುವ ಒಬ್ಬ ಜೂನಿಯರ್ ಡಾಕ್ಟರ್, ಒಬ್ಬ ಸ್ಟಾಫ್ ನರ್ಸ್ ಇಬ್ಬರನ್ನೂ ಸೇರಿಸಿಕೊಳ್ಳಿ. ಕರಡು ಅವರ ಕೈಗೆ ಕೊಟ್ಟು, ಇಷ್ಟು ಬೆಡ್‌ಗೆ ಒಂದು ವಾರದ ಡ್ಯೂಟಿ ಪಟ್ಟಿ ಹಾಕಿ ತೋರಿಸಿ ಅನ್ನಿ. ಹಾಕಲು ಆಗದಿದ್ದರೆ ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಬರೆದುಕೊಳ್ಳಿ. ಸಭೆಯನ್ನು ದಯವಿಟ್ಟು ಬೆಳಿಗ್ಗೆ ಹತ್ತಕ್ಕೆ ಇಡಬೇಡಿ. ನೈಟ್ ಮುಗಿಸಿ ಹ್ಯಾಂಡ್‌ಓವರ್ ಕೊಟ್ಟು ಅವರು ಆಗಷ್ಟೇ ಮಲಗಿರುತ್ತಾರೆ. ಸಂಜೆ ನಾಲ್ಕಕ್ಕೆ ಇಟ್ಟರೆ ಬರುತ್ತಾರೆ.

ಇಂತಿ,
ಕೋವಿಡ್ ವಾರ್ಡಿನ ಒಬ್ಬ ಜೂನಿಯರ್ ಡಾಕ್ಟರ್